ಅಗೆಯಬಾರದೆಂಬ ರಾಜಾಜ್ಞೆ

ಅಕ್ಟೋಬರ್ ೧೨

ಸಮಸ್ತ ಸೌಟು-ಸಟ್ಟುಗ-ಕಡಾಯಿ ಸಾಮ್ರಾಜ್ಯದ ಸಂಸ್ಥಾಪಕಿ, ಉಪ್ಪು ಕಡಿಮೆಯಾದರೆ ಮೂರು ಬೀದಿ ಆಚೆಯಿಂದಲೇ ಪತ್ತೆಹಚ್ಚುವ ದಿವ್ಯನಾಸಿಕಾಧಾರಿಣಿ, ಅಖಂಡ ಹೊಳೆದಂಡೆಯ ಗೆಡ್ಡೆಕುಲಕ್ಕೆ ಮಾತೃಸ್ವರೂಪಿಣಿ, ನನ್ನ ಅಪ್ಪನ ಕಿವಿಯನ್ನು ಇಂದಿಗೂ ಹಿಂಡಬಲ್ಲ ಏಕಮಾತ್ರ ಅಕ್ಕ, ಪರಮಪೂಜ್ಯ ಅತ್ತೆಯವರ ಪಾದಗಳಲ್ಲಿ ಹಂಗಾಮಿ ಯಜಮಾನಿಯಾದ ಚಟಾಕಿಯು ಮಾಡಿಕೊಳ್ಳುವ ವಿಜ್ಞಾಪನೆ.

ತಾವು ಗುಡ್ಡದ ಮೇಲಿನ ನಮ್ಮ ಬಳಗದವರಿಗೂ ಒಂದು ಅಡುಗೆಮನೆ ಕಟ್ಟಿಕೊಡುತ್ತೇನೆಂದು ಹೊರಟಿರಿ. ಬಸ್ಸಿನ ಮೆಟ್ಟಿಲ ಮೇಲೆ ನಿಂತು, ನಮ್ಮವರ ಮನೆಗಳಿಗೆಲ್ಲ ಊಟ ಕಳಿಸುವ ಇಲ್ಲಿನ ಅಡುಗೆಮನೆಯ ಬೀಗದ ಗೊಂಚಲು ನನ್ನ ಕೈಗೆ ಹಾಕಿದಿರಿ. "ನಾನು ಬರೋವರೆಗೂ ನೀನೇ ನೋಡ್ಕೋ. ಫೋನ್ ಮಾಡ್ಬೇಡ. ಫೋನಲ್ಲಾದ್ರೆ ನಗಿಸಿ ಜಾರ್ಕೊಳ್ತೀಯ. ಬರೆದು ಕಳಿಸು" ಎಂದಿರಿ. ಬಸ್ಸು ಹೊರಟಿತು, ನನ್ನ ಆಳ್ವಿಕೆ ಶುರುವಾಯಿತು. ವರದಿ ಹೀಗಿದೆ.

ಸಿಂಹಾಸನ: ತಮ್ಮ ಆಫೀಸು ಕುರ್ಚಿಗೆ ಒಂದು ಗಾಲಿ ಇಲ್ಲ ಎಂಬುದನ್ನು ತಾವು ನನಗೆ ತಿಳಿಸಿರಲಿಲ್ಲ. ಮೊದಲ ದಿನವೇ ಸಿಂಹಾಸನಭ್ರಷ್ಟಳಾದೆ. ಊರಿಗೆಲ್ಲ ಮಾವನಾದ ನಮ್ಮ ಅಡುಗೆ ಮಾವ ಬಾಣಲೆ ಬಿಟ್ಟು ಓಡಿಬಂದು ಎತ್ತಿದರು. "ಅವಳು ಎಡಕ್ಕೆ ವಾಲಿ ಕೂರ್ತಿದ್ಲು, ನೀನು ಬಲಕ್ಕೆ ವಾಲಿದೆ" ಎಂದು ಕಾರಣವನ್ನೂ ಕೊಟ್ಟರು. ಇಷ್ಟು ವರ್ಷ ತಾವು ಒಂದೇ ಕಡೆ ವಾಲಿಕೊಂಡು ಸಂಸ್ಥೆ ನಡೆಸಿದ್ದೀರೆಂದು ತಿಳಿದು ಭಕ್ತಿ ಇಮ್ಮಡಿಯಾಯಿತು.

ಯುದ್ಧ: ಕೂಡುರಸ್ತೆಯ ದೊಡ್ಡ ಅಂಗಡಿಯವರು ದಾನವೆಂದು ಒಂದು ಲಾರಿ ಬಿಸ್ಕತ್ತು, ಸಿಹಿ ಪಾನೀಯದ ಬಾಟಲಿ ಕಳಿಸಿದ್ದರು. ಬಾಗಿಲಲ್ಲೇ ತಡೆದೆ. ಡ್ರೈವರ್ ಸೊಂಟದ ಮೇಲೆ ಕೈಯಿಟ್ಟು ನಿಂತ.

"ಪುಕ್ಸಟ್ಟೆ ಕೊಟ್ರೂ ಬೇಡ ಅಂತೀರಲ್ಲ, ಎಂಥಾ ಜನ ರೀ ನೀವು?"

"ಈ ಊರು ಹುಟ್ಟೋಕೆ ಮುಂಚಿಂದ ಇದೇ ಹೊಳೆ ಹತ್ರ ಉಂಡ್ಕೊಂಡು ಬಂದಿರೋ ಜನ. ನಮ್ಗೆ ಬೇಕಾಗಿರೋದು ಬರೀ ಊಟ ಅಲ್ಲ, ನಮ್ಮ ಊಟ."

"ಎರಡಕ್ಕೂ ಏನ್ ವ್ಯತ್ಯಾಸ?"

"ಕೂತ್ಕೊಳ್ಳಿ, ಬಡಿಸ್ತೀವಿ."

ಅವನು ಎರಡು ಸಲ ಹಾಕಿಸಿಕೊಂಡು ಉಂಡ. ಲಾರಿ ಹಾಗೇ ವಾಪಸು ಹೋಯಿತು. ಇದನ್ನು ವಿಜಯವೆಂದು ದಾಖಲಿಸಿಕೊಳ್ಳಬೇಕಾಗಿ ವಿನಂತಿ.

ಈಗ ಮುಖ್ಯ ವಿಷಯ. ಹೋದ ವರ್ಷ ನಮ್ಮ ಅಡುಗೆಮನೆಗೆ ಅಗೆದು ತರುವ ಹೊಳೆದಂಡೆಯ ಗೆಡ್ಡೆಗಳು ಸಣ್ಣವಾಗಿದ್ದವು ಎಂದು ತಾವೇ ಪೇಚಾಡಿದ್ದು ನೆನಪಿದೆಯೇ? ನಾನು ಗಾಢವಾಗಿ ಆಲೋಚಿಸಿ, ನನ್ನ ಮೊದಲ ರಾಜಾಜ್ಞೆ ಹೊರಡಿಸಿದ್ದೇನೆ. ಈ ವರ್ಷ ಪೂರ್ತಿ ಗೆಡ್ಡೆಗಳಿಗೆ ವಿಶ್ರಾಂತಿ. ದಂಡೆಗೆ ಬೇಲಿ ಹಾಕಿಸಿದೆ. ಕೆಂಪು ಅಕ್ಷರದಲ್ಲಿ ಬೋರ್ಡು ಬರೆಸಿದೆ: "ಇಲ್ಲಿ ಯಾರೂ ಅಗೆಯಬಾರದು." ಕೆಳಗೆ ನನ್ನ ಹುದ್ದೆ, ಸ್ವಲ್ಪ ದೊಡ್ಡ ಅಕ್ಷರದಲ್ಲಿ.

ನಮ್ಮ ಮನೆಯ ಕಟ್ಟಳೆಯನ್ನು ಮೀರಿಲ್ಲ. ಎಲ್ಲರೂ ಉಂಡು ಕೈತೊಳೆದ ಮೇಲೆಯೇ ವಿಷಯ ಎತ್ತಿದೆ. ಹಸಿದ ಒಬ್ಬರಿದ್ದರೂ ತೀರ್ಮಾನ ಮಾಡುವಂತಿಲ್ಲ ಎಂದು ತಾವು ಕಲಿಸಿದ್ದನ್ನು ಮರೆಯುತ್ತೇನೆಯೇ? ಮೊಂಡಜ್ಜಿ ತನ್ನ ಇಬ್ಬರು ಗೆಳತಿಯರ ಜೊತೆ ಕೂತಿದ್ದಳು. ಅಷ್ಟು ವರ್ಷ ಅಗೆದ ಆ ಮೂವರು ಒಂದು ಎದುರುಮಾತೂ ಆಡಲಿಲ್ಲ. "ಆಯ್ತಮ್ಮ, ನೀನು ಯಜಮಾನಿ" ಎಂದು ಅಗೆಯುವ ಕೋಲುಗಳನ್ನು ಮೂಲೆಗೆ ಒರಗಿಸಿ ಹೋದರು. ಇಷ್ಟು ಸಲೀಸಾಗಿ ಒಪ್ಪುತ್ತಾರೆಂದು ನಾನೂ ಎಣಿಸಿರಲಿಲ್ಲ. ಆಳುವುದು ಇಷ್ಟು ಸುಲಭವೆಂದು ಗೊತ್ತಿದ್ದರೆ ಚಿಕ್ಕವಳಿದ್ದಾಗಲೇ ಆಳುತ್ತಿದ್ದೆ.

ಇತಿ, ದಂಡೆಸಂರಕ್ಷಕಿ,
ಚಟಾಕಿ


ನವೆಂಬರ್ ೯

ಚಟಾಕಿ,

ನಿನ್ನ ಕಾಗದ ತಲುಪಿತು. ನನ್ನ ಬಿರುದುಗಳನ್ನು ಓದುವಷ್ಟರಲ್ಲಿ ಇಲ್ಲಿ ಹಾಲು ಉಕ್ಕಿತು. ಮುಂದಿನ ಸಲ ಬಿರುದು ಕಡಿಮೆ ಮಾಡು, ಸುದ್ದಿ ಜಾಸ್ತಿ ಮಾಡು.

ಬಿಸ್ಕತ್ತಿನ ಲಾರಿಯನ್ನು ತಿರುಗಿಸಿದ್ದು ಒಳ್ಳೆಯದಾಯಿತು. ಡ್ರೈವರಿಗೆ ಬಡಿಸಿದ್ದು ಇನ್ನೂ ಒಳ್ಳೆಯದಾಯಿತು. ಬರೀ ತಿರುಗಿಸಿ ಕಳಿಸಿದ್ದರೆ ಅದು ಜಂಬ.

ಇಲ್ಲಿ ಕೆಲಸ ನಿಧಾನ. ಒಲೆಗೆ ಹೊಗೆಗೂಡು ಕಟ್ಟಿದ್ದೇವೆ, ಹೊಗೆ ಮಾತ್ರ ಬಾಗಿಲಿಂದಲೇ ಹೋಗುತ್ತದೆ. ಸೌಟು ಯಾರು ಹಿಡಿಯಬೇಕು ಎಂದು ಎರಡು ಮನೆಯವರಿಗೆ ಮಾತು ಬಿಟ್ಟುಹೋಗಿದೆ. ನಾನು ಎರಡು ಸೌಟು ತರಿಸಿದೆ. ಈಗ ಪಾತ್ರೆ ಯಾರದು ಎಂದು ಜಗಳ. ಸಂಜೆ ಗುಡ್ಡದ ತುದಿಯಲ್ಲಿ ಕೂತರೆ ಕೆಳಗಿನ ಬಯಲೆಲ್ಲ ಕಾಣುತ್ತದೆ. ಇಲ್ಲಿನ ಹೆಂಗಸರು ಕಾಡಿನಿಂದ ತರುವ ಒಂದು ಹುಳಿಹಣ್ಣು ನಾನು ಇದುವರೆಗೆ ಕಂಡೇ ಇರಲಿಲ್ಲ. ಈ ವಯಸ್ಸಿನಲ್ಲಿ ಹೊಸ ರುಚಿ ಸಿಕ್ಕಿತಲ್ಲ ಎಂದು ಒಬ್ಬಳೇ ನಕ್ಕೆ.

ಮೊಂಡಜ್ಜಿ ಹೇಗಿದ್ದಾಳೆ? ಅವಳ ಕೈಗೆ ಈಗ ಏನು ಕೆಲಸ? ಅದನ್ನು ಬರಿ.

ಕುರ್ಚಿಯ ವಿಷಯ: ಗಾಲಿ ಬೀರುವಿನ ಹಿಂದೆ ಬಿದ್ದಿದೆ. ಹಾಕಿಸಬೇಡ. ಕುರ್ಚಿ ಗಟ್ಟಿಯಾದರೆ ಅದರಲ್ಲೇ ಕೂತುಬಿಡುತ್ತೀಯ.

ಅತ್ತೆ


ಜನವರಿ ೧೮

ಗಿರಿಶಿಖರನಿವಾಸಿನಿ, ದ್ವಿಸೌಟುಪ್ರದಾಯಿನಿ ಅತ್ತೆಯವರಿಗೆ, ಕಡಿಮೆ ಬಿರುದುಗಳೊಂದಿಗೆ.

ತಡವಾಗಿ ಬರೆಯುತ್ತಿದ್ದೇನೆ. ಕ್ಷಮಿಸಬೇಕು. ಆಡಳಿತದಲ್ಲಿ ಮುಳುಗಿದ್ದೆ. ವ್ಯಾನಿನ ಹಿಂಬಾಗಿಲು ಈಗ ಹಗ್ಗಕ್ಕೂ ನಿಲ್ಲುತ್ತಿಲ್ಲ. ಮನೆಮನೆಗೆ ಊಟ ಒಯ್ಯುವಾಗ ನಾನೇ ಒಳಗೆ ಕೂತು ಬಾಗಿಲು ಹಿಡಿದುಕೊಂಡಿರುತ್ತೇನೆ. ಬೀದಿಯ ತಿರುವುಗಳಲ್ಲಿ ಜನ ಯಜಮಾನಿಯ ಅರ್ಧ ದೇಹವನ್ನು ದರ್ಶನ ಮಾಡುತ್ತಾರೆ.

ನನ್ನ ಬೋರ್ಡಿನ ಬಗ್ಗೆ ತಾವು ಒಂದಕ್ಷರವೂ ಬರೆಯಲಿಲ್ಲ. ಅಷ್ಟು ಮೆಚ್ಚಿಗೆಯಾದರೆ ಮಾತು ಹೊರಡುವುದಿಲ್ಲ, ನನಗೆ ಅರ್ಥವಾಗುತ್ತದೆ.

ದಂಡೆ ಕಣ್ಣಿಗೆ ಹಬ್ಬ. ಹುಲ್ಲು ಸೊಂಟದವರೆಗೆ ಬೆಳೆದಿದೆ. ನೋಡಿದರೆ ಅರಮನೆಯ ಹಾಸುಗಂಬಳಿ. ಒಳಗೆ ಗೆಡ್ಡೆಗಳು ಮಲಗಿ ಕೊಬ್ಬುತ್ತಿರಬೇಕು.

ಮೊಂಡಜ್ಜಿಯ ಕೈಗೆ ಏನು ಕೆಲಸ ಎಂದು ಕೇಳಿದಿರಿ. ಬೆಳಿಗ್ಗೆ ಅಡುಗೆಮನೆಗೆ ಬರುತ್ತಾಳೆ. ಆರಿಸಿದ ಕಾಳನ್ನೇ ಮತ್ತೆ ಆರಿಸುತ್ತಾಳೆ. ಮೊನ್ನೆ ಅಡುಗೆ ಮಾವನಿಗೆ ಹೇಳಿದಳು, "ಏನಯ್ಯಾ, ಸೊಪ್ಪು ಹೀಗಾ ಹೆಚ್ಚೋದು? ಯಾರ ಮೇಲೆ ಸಿಟ್ಟು ನಿಂಗೆ?" ಮಾವ, "ಸಿಟ್ಟು ನಂಗಲ್ಲ, ನಿಂಗೆ" ಎಂದರು. ಅಜ್ಜಿ ಎದ್ದು ಹೋದಳು. ಯಾಕೋ ಗೊತ್ತಾಗಲಿಲ್ಲ. ವಯಸ್ಸಾದವರು.

ಇನ್ನೊಂದು ಸಣ್ಣ ವಿಷಯ. ನಗರಸಭೆಯಿಂದ ನೋಟಿಸು ಬಂದಿದೆ. ನಮ್ಮವರು ಬಳಸುತ್ತಿರುವಷ್ಟು ಕಾಲ ದಂಡೆ ನಮ್ಮದು ಎಂದು ಹಳೆಯ ಒಪ್ಪಂದವಿದೆಯಲ್ಲ, ಅದನ್ನೇ ಹಿಡಿದುಕೊಂಡಿದ್ದಾರೆ. ಬಳಕೆಯಲ್ಲಿ ಇಲ್ಲವೆಂದು ಕಂಡರೆ ಮಟ್ಟಮಾಡಿ ಕಾರು ನಿಲ್ಲಿಸುವ ಜಾಗ ಮಾಡುತ್ತಾರಂತೆ. ಮಾರ್ಚಿಯಲ್ಲಿ ಭೂವಿಭಾಗದ ಸಾಹೇಬರು ಬಂದು ನೋಡಿ, ನಮ್ಮ ಮಾತನ್ನೂ ಕೇಳಿ, ತೀರ್ಮಾನ ಬರೆಯುತ್ತಾರೆ.

ತಾವು ಚಿಂತಿಸಬೇಡಿ. ಬೇಲಿ ಇದೆ, ಬೋರ್ಡಿದೆ, ಹುಲ್ಲಿದೆ. ಇದಕ್ಕಿಂತ ಚೆನ್ನಾಗಿ ನೋಡಿಕೊಂಡ ನೆಲ ಈ ಊರಲ್ಲಿ ಯಾವುದಿದೆ?

ಆದರೂ ಒಂದು ಮಾತು. ತಾವಿದ್ದಿದ್ದರೆ ಸಾಹೇಬರಿಗೆ ಏನು ಹೇಳುತ್ತಿದ್ದಿರಿ? ಸುಮ್ಮನೆ ಕುತೂಹಲಕ್ಕೆ ಕೇಳಿದೆ.

ಚಟಾಕಿ


ಜನವರಿ ೩೦

ಚಟಾಕಿ,

ದಂಡೆಗೆ ಹೋಗು. ವ್ಯಾನಿನಲ್ಲಿ ಬೇಡ, ನಡೆದು ಹೋಗು. ಅಗೆಯುವ ಕೋಲು ತೆಗೆದುಕೊಂಡು ಹೋಗು. ಬೇಲಿಯೊಳಗೆ ನಾಲ್ಕು ಕಡೆ ಕೋಲು ಹಾಕಿ ಗೆಡ್ಡೆ ತೆಗೆದು ನೋಡು.

ಏನು ಕಂಡಿತು ಎಂದು ಬರಿ. ಏನು ಅನ್ನಿಸಿತು ಎಂದು ಬೇಡ. ಏನು ಕಂಡಿತು ಎಂದು.

ಇಲ್ಲಿ ಹೊಗೆ ಈಗ ಗೂಡಿನಿಂದಲೇ ಹೋಗುತ್ತಿದೆ.

ಅತ್ತೆ


ಫೆಬ್ರವರಿ ೧೪

ಅತ್ತೆ,

ಕಂಡದ್ದನ್ನು ಬರೆಯುತ್ತೇನೆ.

ಕೋಲು ಇಳಿಯಲಿಲ್ಲ. ಹುಲ್ಲಿನ ಬೇರು ಚಾಪೆಯ ಹಾಗೆ ಹೆಣೆದುಕೊಂಡಿದೆ. ಕೋಲಿನ ಮೇಲೆ ನಿಂತು ಕುಪ್ಪಳಿಸಿದೆ. ಕೊನೆಗೂ ಒಂದು ಹೆಂಟೆ ಎದ್ದು ಬಂತು. ಒಳಗೆ ಗೆಡ್ಡೆ ಇತ್ತು, ಒಂದಲ್ಲ, ಒಂದು ಹಿಡಿ. ಒಂದರ ಮೈಮೇಲೆ ಇನ್ನೊಂದು. ಎಲ್ಲ ನನ್ನ ಕಿರುಬೆರಳಿನ ಗಾತ್ರ. ಕೆಲವು ಒಣಗಿ ಬೆಂಡಾಗಿದ್ದವು. ನಾಲ್ಕು ಕಡೆಯೂ ಹಾಗೇ. ಅವು ಮಲಗಿ ಕೊಬ್ಬುತ್ತಿರಲಿಲ್ಲ ಅತ್ತೆ, ಜಾಗವಿಲ್ಲದೆ ಉಸಿರು ಕಟ್ಟುತ್ತಿದ್ದವು.

ನಾನು ಮಂಡಿಯೂರಿ ಕೂತಿದ್ದಾಗ ಹಿಂದಿನಿಂದ ದನಿ ಬಂತು.

"ಬೋರ್ಡ್ ಓದೋಕೆ ಬರಲ್ವಾ?"

ಮೊಂಡಜ್ಜಿ ಬೇಲಿಯ ಆಚೆ ನಿಂತಿದ್ದಳು. ಕಂಕುಳಲ್ಲಿ ಬುಟ್ಟಿ.

"ನಾನೇ ಬರೆಸಿದ್ದು ಅಜ್ಜಿ."

"ಹಂಗಾದ್ರೆ ದಂಡ ಯಾರಿಗ್ ಕಟ್ತೀಯ?"

ನಗು ಬರಲಿಲ್ಲ. ಕೈಯಲ್ಲಿದ್ದ ಹೆಂಟೆ ತೋರಿಸಿದೆ. ಅವಳು ಬೇಲಿ ದಾಟಿ ಬಂದು ಕೂತು ನೋಡಿದಳು. ಆ ಗೆಡ್ಡೆಗಳನ್ನು ಬಿಡಿಸುತ್ತಾ ಹೋದಳು, ಸಿಕ್ಕುಗಟ್ಟಿದ ಕೂದಲು ಬಿಡಿಸುವ ಹಾಗೆ.

"ದೊಡ್ಡದನ್ನ ತೆಗಿಬೇಕು, ಚಿಕ್ಕದಕ್ಕೆ ಜಾಗ ಆಗುತ್ತೆ. ತೆಗೆದದ್ರ ತಲೆ ಮುರಿದು ಅಲ್ಲೇ ಹೂತ್ರೆ ಅದೂ ಚಿಗುರುತ್ತೆ. ಮಣ್ಣು ಸಡಿಲ ಆಗುತ್ತೆ, ನೀರು ಇಳಿಯುತ್ತೆ. ನಾವು ಅಗೀತೀವಿ ಅಂತಾನೇ ಇವು ಇರೋದು ಕಣೇ. ಬಿಟ್ಬಿಟ್ರೆ ಹುಲ್ಲು ತಿಂದ್ಹಾಕುತ್ತೆ."

"ಹೋದ ವರ್ಷ ಸಣ್ಣವಾಗಿದ್ವಲ್ಲ?"

"ನಮ್ ಮೂವರಿಗೂ ಸೊಂಟ ನೋವು. ಅರ್ಧ ದಂಡೆ ಅಗೀಲೇ ಇಲ್ಲ."

"ಮತ್ತೆ ಅವತ್ತು ಯಾಕೆ ಹೇಳ್ಲಿಲ್ಲ? ಉಂಡು ಕೂತಿದ್ದಾಗ ಒಂದು ಮಾತು ಅಂದಿದ್ರೆ ಬೋರ್ಡೇ ಇರ್ತಿರ್ಲಿಲ್ಲ!"

ಅಜ್ಜಿ ಕೈಯಲ್ಲಿದ್ದ ಗೆಡ್ಡೆಯ ಮಣ್ಣು ಒರೆಸಿದಳು. ಆಮೇಲೆ ಅಂದಳು, "ನೀನು ಕೇಳ್ಲಿಲ್ಲ. ಬೋರ್ಡ್ ಬರೆಸ್ಕೊಂಡೇ ಬಂದಿದ್ದೆ. ನಂಗೂ ಸಿಟ್ಟು ಬಂತು. ಮಾಡ್ಲಿ, ಗೊತ್ತಾಗ್ಲಿ ಅಂದ್ಕೊಂಡೆ. ಅದು ನನ್ನ ತಪ್ಪು. ಗೆಡ್ಡೆ ಮೇಲೆ ಯಾಕೆ ತೀರಿಸ್ಕೋಬೇಕಿತ್ತು?"

ಆಮೇಲೆ ಅವಳ ಬುಟ್ಟಿಯ ಕಡೆ ಕಣ್ಣು ಹೋಯಿತು. ಗೆಡ್ಡೆ! ನನ್ನ ಮುಷ್ಟಿಗಿಂತ ದಪ್ಪ. ಕೇಳಿದರೆ ಮುಖ ಆಚೆ ತಿರುಗಿಸಿದಳು. ಹೊಳೆಯ ತಿರುವಿನ ಆಚೆ ನಮ್ಮ ದಂಡೆಯದೇ ಒಂದು ತುಂಡು ನೆಲವಿದೆಯಲ್ಲ, ಅಲ್ಲಿ ಮೂವರೂ ಈ ವರ್ಷವೆಲ್ಲ ಅಗೆದಿದ್ದಾರೆ. "ಬೋರ್ಡ್ ಅಲ್ಲಿವರೆಗೂ ಕಾಣ್ಸಲ್ವಲ್ಲಮ್ಮ" ಎಂದಳು, ಏನೂ ಅರಿಯದ ಮಗುವಿನ ಹಾಗೆ. ನನ್ನ ರಾಜ್ಯದಲ್ಲಿ ಇಷ್ಟು ದಿನ ಬಂಡಾಯ ನಡೆಯುತ್ತಿತ್ತು, ನನಗೇ ಗೊತ್ತಿರಲಿಲ್ಲ.

ಇಷ್ಟಾಗಿದ್ದರೆ ಒಟ್ಟಿಗೆ ನಕ್ಕು ಬೇಲಿ ಕಿತ್ತುಹಾಕುತ್ತಿದ್ದೆವು. ಆದರೆ ಅಡುಗೆಮನೆಗೆ ವಾಪಸು ಬಂದರೆ ಮಾವ ಬಾಗಿಲಲ್ಲೇ ನಿಂತಿದ್ದರು. ಭೂವಿಭಾಗದ ಸಾಹೇಬರು ಹಿಂದಿನ ದಿನವೇ ಆ ದಾರಿಯಲ್ಲಿ ಬೈಕಿನಲ್ಲಿ ಹೋಗುವಾಗ ನಿಲ್ಲಿಸಿ ಬೋರ್ಡಿನ ಫೋಟೋ ತೆಗೆದುಕೊಂಡರಂತೆ. ಮಾವನಿಗೆ ಹೇಳಿ ಹೋಗಿದ್ದಾರೆ: "ಯಾರೂ ಅಗೆಯೋದಿಲ್ಲ ಅಂತ ನೀವೇ ಬರೆದು ಹಾಕಿದ್ದೀರಲ್ಲ, ಇನ್ನು ಬಳಕೆ ಎಲ್ಲಿಂದ ಬಂತು? ಹನ್ನೆರಡಕ್ಕೆ ಬರ್ತೀನಿ, ಹೇಳೋದಿದ್ರೆ ಅವತ್ತು ಹೇಳಿ."

ಅಂದರೆ ಮಾರ್ಚಿ ಹನ್ನೆರಡು. ದಂಡೆ ಹೋದರೆ ನನ್ನಿಂದ ಹೋಯಿತು ಅಂತ ಆಗುತ್ತದೆ. ಅಜ್ಜಿಯರು ನೂರು ವರ್ಷ ಕಾಪಾಡಿದ್ದನ್ನು ನಾನು ಒಂದು ಬೋರ್ಡಿನಿಂದ ಕಳೆದೆ ಅಂತ.

ನಿನಗೆ ಗೊತ್ತಿತ್ತು. ನನ್ನ ಮೊದಲ ಕಾಗದ ಓದಿದಾಗಲೇ ಗೊತ್ತಿತ್ತು. ಹಾಲು ಉಕ್ಕಿದ್ದು ಬರೆದೆ, ಹುಳಿಹಣ್ಣು ಬರೆದೆ, ಇದೊಂದನ್ನು ಯಾಕೆ ಬರೆಯಲಿಲ್ಲ? ನಾನು ಬೀಳುವುದನ್ನು ಗುಡ್ಡದ ಮೇಲೆ ಕೂತು ನೋಡುತ್ತಿದ್ದೆಯಾ?

ಬಾ ಅತ್ತೆ. ಹನ್ನೆರಡರೊಳಗೆ ಬಾ.


ಫೆಬ್ರವರಿ ೨೬

ಮಗಳೇ,

ನಿನ್ನ ಹೆಸರು ಬರೆಯದೆ ಕಾಗದ ಮುಗಿಸಿದ್ದೀಯ. ಸಿಟ್ಟು ಅಷ್ಟಿದೆ ಎಂದು ತಿಳಿಯಿತು. ಇರಲಿ.

ನೋಡುತ್ತಾ ಕೂತಿರಲಿಲ್ಲ. ನಿನ್ನ ಮೊದಲ ಕಾಗದ ಬಂದ ದಿನವೇ ಚೀಲ ತುಂಬಿಕೊಂಡು ಬಸ್ಸು ಹತ್ತಿದೆ. ಕಿಟಕಿ ಪಕ್ಕ ಕೂತು ನಿನ್ನನ್ನು ಹೇಗೆ ಬಯ್ಯಬೇಕೆಂದು ಪೂರ್ತಿ ತಯಾರಿ ಮಾಡಿದೆ. ಒಳ್ಳೊಳ್ಳೆ ಬೈಗುಳ, ನಿನಗೇ ಖುಷಿಯಾಗುವಂಥವು. ಗುಡ್ಡ ಇಳಿಯುವಷ್ಟರಲ್ಲಿ ಒಂದು ಯೋಚನೆ ಬಂತು. ನಾನು ಬಂದು ಬೋರ್ಡು ಕಿತ್ತರೆ ಅಜ್ಜಿಯರು ಖುಷಿಪಡುತ್ತಾರೆ, ನೀನು ತಲೆ ತಗ್ಗಿಸುತ್ತೀಯ, ಮುಂದಿನ ವರ್ಷ ಇನ್ನೊಂದು ತಪ್ಪಿಗೆ ಮತ್ತೆ ನಾನು ಬಸ್ಸು ಹತ್ತಬೇಕು. ಬಯಲಿನ ಸ್ಟಾಪಿನಲ್ಲಿ ಇಳಿದುಬಿಟ್ಟೆ. "ಟಿಕೆಟ್ ಊರಿಗೆ ತಗೊಂಡು ಇಲ್ಯಾಕಮ್ಮ ಇಳೀತೀರ?" ಎಂದು ಕಂಡಕ್ಟರ್ ಕೇಳಿದ. "ನನಗೆ ಬುದ್ಧಿ ಇಲ್ಲಿ ಬಂತಪ್ಪ" ಎಂದೆ. ಗುಡ್ಡ ಹತ್ತಿ ವಾಪಸು ಬರುವಾಗ ಕಾಲು ಬಿದ್ದುಹೋಯಿತು.

ಒಂದು ವರ್ಷ ಹುಲ್ಲು ಬೆಳೆದರೆ ಗೆಡ್ಡೆ ಸಾಯುವುದಿಲ್ಲ, ಅಗೆದರೆ ಮತ್ತೆ ಬರುತ್ತದೆ ಎಂಬ ಧೈರ್ಯ ನನಗಿತ್ತು. ನಗರಸಭೆಯವರು ಈ ವರ್ಷವೇ ಕಣ್ಣು ಹಾಕುತ್ತಾರೆ ಎಂದು ಗೊತ್ತಿರಲಿಲ್ಲ. ಅಲ್ಲಿ ನನ್ನ ಲೆಕ್ಕ ತಪ್ಪಿತು. ನಿನ್ನ ಎರಡನೇ ಕಾಗದ ಓದಿದ ಮೇಲೆ ಸರಿಯಾಗಿ ನಿದ್ದೆ ಬಂದಿಲ್ಲ. ಅದನ್ನೂ ಬರೆಯಲಿಲ್ಲ. ನೀನು ಹುಷಾರಾಗಿ ನಗೆಮಾತಿನಲ್ಲಿ ಭಯ ಮುಚ್ಚಿಡುತ್ತೀಯ, ನಾನು ಹೊಗೆಗೂಡಿನಲ್ಲಿ ಮುಚ್ಚಿಟ್ಟೆ.

ಇನ್ನೊಂದು ಮುಚ್ಚಿಟ್ಟದ್ದಿದೆ, ಅದನ್ನೂ ಹೇಳಿಬಿಡುತ್ತೇನೆ. ಇಲ್ಲಿನವರು ನನಗೆ ಇರು ಎಂದಿದ್ದಾರೆ. ನಾನು ಆಗಲಿ ಎಂದಿದ್ದೇನೆ. ನೀನು ಬೀಳುತ್ತೀಯೋ ಏಳುತ್ತೀಯೋ ಎಂದು ನೋಡಿಕೊಂಡು ಅವರಿಗೆ ಉತ್ತರ ಕೊಡೋಣವೆಂದು ಕಾಯಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಇಲ್ಲಿನ ಹೆಂಗಸರು ಜಗಲಿಗೆ ಬಂದು ಕೂರುತ್ತಾರೆ. ಯಾರೂ ನನ್ನನ್ನು ಯಜಮಾನಿ ಅನ್ನುವುದಿಲ್ಲ. ಬಹಳ ಹಾಯಾಗಿದೆ.

ಹನ್ನೆರಡಕ್ಕೆ ಬರುವುದಿಲ್ಲ. ಸಾಹೇಬರಿಗೆ ಏನು ಹೇಳಬೇಕೆಂದು ನನ್ನನ್ನು ಕೇಳಬೇಡ. ಈ ಸಲ ಕೇಳಬೇಕಾದವರು ಅಲ್ಲೇ ಇದ್ದಾರೆ.

ಅತ್ತೆ


ಮಾರ್ಚಿ ೧೫

ಬಯಲಿನ ಸ್ಟಾಪಿನಲ್ಲಿ ಜ್ಞಾನೋದಯ ಪಡೆದ, ಟಿಕೆಟ್ಟಿನ ಅರ್ಧ ದುಡ್ಡು ಹೊಳೆಗೆ ಹಾಕಿದ, ನಿವೃತ್ತ ಚಕ್ರವರ್ತಿನಿ ಅತ್ತೆಯವರಿಗೆ,

ಬಿರುದುಗಳು ವಾಪಸು ಬಂದಿವೆ ಎಂಬುದರಿಂದ ತಾವು ಊಹಿಸಿರಬಹುದು. ಆದರೂ ಕ್ರಮವಾಗಿ ಹೇಳುತ್ತೇನೆ. ಈ ದಿನಕ್ಕಾಗಿ ನಾನು ಬಹಳ ಕಷ್ಟಪಟ್ಟಿದ್ದೇನೆ.

ತಮ್ಮ ಕಾಗದ ಬಂದ ದಿನ ಎಲ್ಲರನ್ನೂ ಕೂರಿಸಿ, ಉಣ್ಣಿಸಿ, ಓದಿ ಹೇಳಿದೆ. ತಾವು ಗುಡ್ಡದಲ್ಲೇ ಉಳಿಯುತ್ತೀರೆಂಬ ಸಾಲು ಬಂದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅಡುಗೆ ಮಾವ ಗಂಟಲು ಸರಿಮಾಡಿಕೊಂಡು, "ಹಂಗಾದ್ರೆ ಅವಳ ಹಿತ್ತಾಳೆ ಲೋಟ ಯಾರಿಗೆ?" ಎಂದರು. ತಮ್ಮನ್ನು ಎಲ್ಲರೂ ಎಷ್ಟು ಪ್ರೀತಿಸುತ್ತಾರೆಂದು ಇದರಿಂದ ತಿಳಿಯಬಹುದು. ಲೋಟ ಸದ್ಯಕ್ಕೆ ನನ್ನ ಬಳಿ ಇದೆ.

ಆಮೇಲೆ ಕೇಳಿದೆ. ನನ್ನ ಜೀವಮಾನದಲ್ಲಿ ಮೊದಲ ಸಲ, ಉತ್ತರ ತಯಾರಿಟ್ಟುಕೊಳ್ಳದೆ ಕೇಳಿದೆ: "ಬೋರ್ಡ್ ಹಾಕಿದ್ದು ನನ್ನ ತಪ್ಪು. ಈಗೇನ್ ಮಾಡೋದು, ಹೇಳಿ."

ಎಲ್ಲರೂ ಒಟ್ಟಿಗೆ ಶುರುಮಾಡಿದರು. ಮಾವನ ಸಲಹೆ: "ಬೋರ್ಡ್ ಒಲೆಗ್ ಹಾಕ್ಬಿಡೋಣ. ಯಾರೋ ಪೋಲಿಗಳು ತಮಾಷೆಗೆ ನೆಟ್ಟಿದ್ರು ಅಂತ ಹೇಳೋಣ." ಅತ್ತೆ, ಸುಳ್ಳು ಹೇಳುವುದಿಲ್ಲ, ನನ್ನ ಬಾಯಲ್ಲಿ ನೀರೂರಿತು. ಎಷ್ಟು ಸಲೀಸು! ಒಂದು ತಮಾಷೆ, ಸಾಹೇಬರೂ ನಗುತ್ತಾರೆ, ಮುಗಿಯಿತು. ಆದರೆ ತಮಾಷೆಗೆ ಬೋರ್ಡು ನೆಡುವ ಪೋಲಿ ಈ ಊರಲ್ಲಿ ನಾನೊಬ್ಬಳೇ. ಯಾವ ಪೋಲಿಯ ತಲೆಗೆ ಕಟ್ಟಿದರೂ ಸುತ್ತಿ ಬಂದು ನನ್ನ ತಲೆಗೇ ಕೂರುತ್ತದೆ. ಮೊಂಡಜ್ಜಿ ನನ್ನ ಮುಖ ನೋಡುತ್ತಾ ಕೂತಿದ್ದಳು.

"ಬೋರ್ಡ್ ಇರ್ಲಿ" ಎಂದೆ. "ಅದ್ರ ಪಕ್ಕದಲ್ಲೇ ಅಗೆಯೋಣ. ಆದ್ರೆ ಬೇಲಿ ಒಳಗೆ ಒಂದು ಪಟ್ಟಿ ಮುಟ್ಟೋದು ಬೇಡ, ಹಾಗೇ ಬಿಡೋಣ. ಸಾಹೇಬ್ರು ಎರಡನ್ನೂ ನೋಡ್ಲಿ."

"ಸೊಂಟ?" ಎಂದು ಅಜ್ಜಿಯ ಗೆಳತಿಯೊಬ್ಬಳು ಕೇಳಿದಳು.

"ಸೊಂಟ ನಮ್ದು, ಬಾಯಿ ನಿಮ್ದು. ನೀವು ಬೈತಾ ನಿಂತ್ಕೊಳ್ಳಿ, ನಾವು ಅಗೀತೀವಿ."

ಇಷ್ಟು ಒಳ್ಳೆಯ ಹುದ್ದೆ ಅವರಿಗೆ ಯಾರೂ ಕೊಟ್ಟಿರಲಿಲ್ಲ. ವ್ಯಾನಿನವನು, ನೆರೆಮನೆಯ ದರ್ಜಿ, ಅವನ ಹೆಂಡತಿ, ನಮ್ಮ ಊಟ ತರಿಸಿಕೊಳ್ಳುವ ಮನೆಗಳ ಗಂಡಸರು ಹೆಂಗಸರು, ಎಲ್ಲರನ್ನೂ ದಂಡೆಗಿಳಿಸಿದೆ. ಅಜ್ಜಿಯರು ಬೈದರು, ನಾವು ಕಲಿತೆವು. ದರ್ಜಿ ಗೆಡ್ಡೆಯ ತಲೆಯನ್ನು ತಲೆಕೆಳಗು ಹೂತದ್ದಕ್ಕೆ ಮೊಂಡಜ್ಜಿ ಆಡಿದ ಮಾತನ್ನು ಬರೆಯುವಂತಿಲ್ಲ, ಅಂಚೆಯವರು ಮರ್ಯಾದಸ್ಥರು. ಅಂಗೈಯಲ್ಲಿ ಬೊಬ್ಬೆ ಬಂದವು. ಸಂಜೆ ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂತಾಗ, ದಂಡೆ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ, ಆದರೆ ಇದು ಚೆನ್ನಾಗಿದೆ ಅನ್ನಿಸಿತು. ಕಾಲಿಗೆ ತಣ್ಣನೆ ನೀರು, ಬೆನ್ನಿಗೆ ಬಿಸಿಲು, ಹಿಂದೆ ಮೂರು ಅಜ್ಜಿಯರ ಬೈಗುಳ. ಇನ್ನೇನು ಬೇಕು?

ಹನ್ನೆರಡನೆಯ ತಾರೀಕು ಸಾಹೇಬರು ಬಂದರು. ಬಿಸಿಲಿಗೆ ಟೋಪಿ, ಕಂಕುಳಲ್ಲಿ ಫೈಲು. ನಮ್ಮ ಅಡುಗೆಮನೆಯ ಬೆಂಚಿನ ಮೇಲೆ ಕೂತು, "ಶುರು ಮಾಡೋಣ್ವಾ?" ಎಂದರು.

"ಮೊದ್ಲು ಊಟ" ಎಂದಳು ಮೊಂಡಜ್ಜಿ.

"ಡ್ಯೂಟಿ ಮೇಲಿದ್ದಾಗ ಯಾರ ಮನೇಲೂ ಉಣ್ಣಲ್ಲಮ್ಮ ನಾನು."

"ಉಣ್ಣದೆ ಇದ್ರೆ ನಾವು ಮಾತು ಶುರು ಮಾಡಲ್ಲಪ್ಪ."

"ನೀವು ಉಣ್ಣಿ, ನಾನು ಕಾಯ್ತೀನಿ."

"ಒಬ್ಬ ಹಸಿದಿದ್ರೂ ಆಗಲ್ಲ. ಹಸಿದವನ ತೀರ್ಮಾನ ನೆಟ್ಟಗಿರಲ್ಲ."

ದಂಡೆ ಕಳೆದುಕೊಳ್ಳುವುದಾದರೆ ಬೋರ್ಡಿನಿಂದ ಕಳೆದುಕೊಳ್ಳೋಣ, ಊಟದ ಜಗಳದಿಂದ ಬೇಡ ಎಂದು ಅಜ್ಜಿಗೆ ಕಣ್ಸನ್ನೆ ಮಾಡಿದೆ. ಅವಳು ನೋಡಲೇ ಇಲ್ಲ. ಸಾಹೇಬರು ಅವಳನ್ನು ನೋಡಿದರು, ಗಡಿಯಾರ ನೋಡಿದರು. ಕೊನೆಗೆ ನಿಟ್ಟುಸಿರು ಬಿಟ್ಟು ಬೈಕಿನ ಪೆಟ್ಟಿಗೆಯಿಂದ ತಮ್ಮದೇ ಊಟದ ಡಬ್ಬಿ ತಂದು ಬಿಚ್ಚಿದರು. ಬೆಂಚಿನ ಆ ತುದಿಯಲ್ಲಿ ಅವರು ಅವರದನ್ನು ಉಂಡರು, ಈ ತುದಿಯಲ್ಲಿ ನಾವು ನಮ್ಮದನ್ನು. ಮಾವ ಅವರ ಡಬ್ಬಿಯೊಳಗೆ ಇಣುಕಿ, "ಒಗ್ಗರಣೆ ಸೀದಿದೆ" ಎಂದು ಪಿಸುಗುಟ್ಟಿದರು. "ನಾನೇ ಮಾಡ್ಕೊಂಡಿದ್ದು" ಎಂದರು ಸಾಹೇಬರು ತಲೆಯೆತ್ತದೆ. ಅಲ್ಲಿಂದ ಮುಂದೆ ಸ್ವಲ್ಪ ಸಲೀಸಾಯಿತು.

ದಂಡೆಗೆ ಹೋದೆವು. ಸಾಹೇಬರು ಬೋರ್ಡಿನ ಮುಂದೆ ನಿಂತರು. "ಇದಿನ್ನೂ ಇದೆಯಲ್ಲ!"

"ಇದೆ ಸರ್. ನಾನು ಹಾಕ್ಸಿದ್ದು. ನನಗೆ ಗೊತ್ತಿರ್ಲಿಲ್ಲ, ತಪ್ಪಾಯ್ತು. ಆ ತಪ್ಪು ಈ ಬೇಲಿ ಒಳಗಿದೆ, ನೋಡಿ." ಕೋಲನ್ನು ಅವರ ಕೈಗೆ ಕೊಟ್ಟೆ.

ಮುಟ್ಟದೆ ಬಿಟ್ಟ ಪಟ್ಟಿಯಲ್ಲಿ ಕೋಲು ಹಾಕಿದರು, ಇಳಿಯಲಿಲ್ಲ. ಟೋಪಿ ತೆಗೆದಿಟ್ಟು ಮತ್ತೆ ಒತ್ತಿದರು, ಇಳಿಯಲಿಲ್ಲ. ನಾವು ಹೊಸದಾಗಿ ಅಗೆದ ಕಡೆ ಸರಾಗವಾಗಿ ಇಳಿಯಿತು. ಆಮೇಲೆ ಮೊಂಡಜ್ಜಿ ತನ್ನ ಬಂಡಾಯದ ನೆಲಕ್ಕೆ, ಹೊಳೆಯ ತಿರುವಿನ ಆಚೆಗೆ, ಕರೆದುಕೊಂಡು ಹೋದಳು. ಅಲ್ಲಿ ಕೋಲು ಎಷ್ಟು ಸುಲಭವಾಗಿ ಇಳಿಯಿತೆಂದರೆ ಸಾಹೇಬರೂ ಅದರ ಹಿಂದೆಯೇ ಮುಗ್ಗರಿಸಿದರು. ಮಂಡಿಯೂರಿ, ಅಂಗಿಯ ತೋಳು ಮಡಚಿ, ತಾವೇ ಒಂದು ಗೆಡ್ಡೆ ಎತ್ತಿದರು. ತೊಳೆದರೆ ಬೆಳ್ಳಗೆ ಮಿಂಚಿತು.

"ಇಷ್ಟು ವ್ಯತ್ಯಾಸಾನಾ?" ಎಂದರು.

"ಅಗೆದ್ರೆ ಉಳಿಯುತ್ತೆ ಸರ್, ಬಿಟ್ರೆ ಹೋಗುತ್ತೆ. ನಾವೂ ಅಷ್ಟೇ" ಎಂದೆ. ಎಂದ ಮೇಲೆ, ಇಷ್ಟು ಘನವಾದ ಮಾತು ನನ್ನ ಬಾಯಿಂದ ತಮಾಷೆಗಲ್ಲದೆ ಹೊರಟಿತೇ ಎಂದು ನನಗೇ ದಿಗಿಲಾಯಿತು.

ಅವರು ಗೆಡ್ಡೆಯನ್ನು ಅಜ್ಜಿಗೆ ಕೊಟ್ಟರು. ಅಜ್ಜಿ ತಲೆ ಮುರಿದು ಅವರಿಗೇ ವಾಪಸು ಕೊಟ್ಟಳು. "ಹೂಳಿ. ತೆಗೆದವ್ರೇ ಹೂಳ್ಬೇಕು." ಅವರು ಹೂತರು. ಸರಿಯಾಗಿ, ತಲೆ ಮೇಲಾಗಿ. ದರ್ಜಿಗೆ ಅವಮಾನವಾಯಿತು.

ಅಲ್ಲೇ ಬಂಡೆಯ ಮೇಲೆ ಫೈಲಿಟ್ಟು ಬರೆದರು. ನಾವು ಕತ್ತು ಚಾಚಿ ನಿಂತಿದ್ದೆವು. "ದಂಡೆ ಬಳಕೆಯಲ್ಲಿದೆ. ಹಳೆಯ ಒಪ್ಪಂದ ಮುಂದುವರಿಯತಕ್ಕದ್ದು." ಗಟ್ಟಿಯಾಗಿ ಓದಿ, ಸಹಿ ಹಾಕಿ, ಟೋಪಿ ಮರೆತು ಹೊರಟರು. ಮಾವ ಟೋಪಿ ಹಿಡಿದುಕೊಂಡು ಬೈಕಿನ ಹಿಂದೆ ಓಡಿದರು.

ಮೊಂಡಜ್ಜಿ ಬೋರ್ಡಿನ ಹತ್ತಿರ ಹೋಗಿ, ಒಂದೇ ಎಳೆತಕ್ಕೆ ಕಿತ್ತಳು. ಸೊಂಟ ನೋವು ಎಲ್ಲಿ ಹೋಗಿತ್ತೋ. "ಉಂಡಾಗಿದೆ, ಎಲ್ಲರೂ ಇದೀರ. ತೀರ್ಮಾನ ಮಾಡ್ಬಿಡಿ" ಎಂದಳು. "ಅವಳು ಗುಡ್ಡದಲ್ಲೇ ಇರ್ತಾಳಂತೆ. ಇಲ್ಲಿಗೆ ಇವಳು ಸಾಕು. ತಪ್ಪು ಮಾಡ್ತಾಳೆ, ಬಚ್ಚಿಡಲ್ಲ. ಬೈದ್ರೆ ಕೇಳಿಸ್ಕೊಳ್ತಾಳೆ." ಯಾರೂ ಎದುರಾಡಲಿಲ್ಲ. ಮಾವ ಏದುಸಿರು ಬಿಡುತ್ತಾ ವಾಪಸು ಬಂದು, "ಏನ್ ತೀರ್ಮಾನ ಆಯ್ತು? ಲೋಟದ್ದಾ?" ಎಂದರು.

ಹೀಗೆ, ಅತ್ತೆ, ನಾನು ಹಂಗಾಮಿಯಲ್ಲ. ಇನ್ನು ಮೇಲೆ ತಮ್ಮನ್ನು "ಬಾ" ಎಂದು ಕರೆಯುವುದಿಲ್ಲ. ಸುಮ್ಮನೆ ನೆಂಟರ ಹಾಗೆ ಬಂದರೆ ಬಡಿಸುತ್ತೇವೆ. ಅಲ್ಲಿ ಹಾಯಾಗಿರಿ. ಸಿಟ್ಟಿನಲ್ಲಿ ಬರೆದ ಕಾಗದಕ್ಕೆ ಕ್ಷಮೆ ಕೇಳುವುದಿಲ್ಲ, ಅದೊಂದೇ ನಾನು ಬಿರುದಿಲ್ಲದೆ ಬರೆದದ್ದು.

ಇಷ್ಟಕ್ಕೇ ನಿಲ್ಲಿಸಿದರೆ ಚರಿತ್ರೆಯಲ್ಲಿ ನನ್ನ ಸ್ಥಾನ ಭದ್ರವಾಗಿರುತ್ತಿತ್ತು. ಆದರೆ ಯಾರಿಗಾದರೂ ಹೇಳಲೇಬೇಕು, ತಾವು ದೂರದಲ್ಲಿದ್ದೀರಿ, ತಮಗೇ ಹೇಳುತ್ತೇನೆ.

ತೀರ್ಮಾನವಾದ ಮೇಲೆ ಅಜ್ಜಿಯರು ಅಲ್ಲೇ ಬೆಂಕಿ ಹಾಕಿ, ಆ ದಿನದ ಅತಿ ದೊಡ್ಡ ಗೆಡ್ಡೆ ಸುಟ್ಟು, ಸಿಪ್ಪೆ ತೆಗೆದು, ಮೊದಲ ತುತ್ತು ಯಜಮಾನಿಗೆಂದು ನನ್ನ ಬಾಯಿಗಿಟ್ಟರು. ಎಲ್ಲರ ಕಣ್ಣೂ ನನ್ನ ಮೇಲೆ. ನಾನು ಕಣ್ಣು ಮುಚ್ಚಿ, "ಆಹಾ!" ಎಂದೆ. ಮೊಂಡಜ್ಜಿಯ ಕಣ್ಣಲ್ಲಿ ನೀರು ಬಂತು. ಅವಳು ಆಚೆ ತಿರುಗುತ್ತಲೇ ಕೈಬಾಯಿ ತೊಳೆಯುವ ನೆಪದಲ್ಲಿ ಹೊಳೆಗಿಳಿದು ಉಗುಳಿಬಿಟ್ಟೆ.

ನನಗೆ ಆ ಗೆಡ್ಡೆ ಸೇರುವುದೇ ಇಲ್ಲ ಅತ್ತೆ. ಒದ್ದೆ ಮಣ್ಣು ಅಗಿದ ಹಾಗಿರುತ್ತದೆ.

ಚಟಾಕಿ